ಸೂಪಾ ಸೀಮೆಯ ಚಳಿಜ್ವರ

ಧಾರವಾಡದಿಂದ ಹಳಿಯಾಳದ ದಾರಿ ಹಿಡಿದು ಪಡುವಲಿಗೆ ನಡೆದವರಿಗೆ ಜೋಳದ ಹೊಲಗಳು ಹಿಂದೆ ಸರಿದು ಭತ್ತದ ಗದ್ದೆಗಳು ಕಾಣಿಸಿಕೊಳ್ಳುವ ಒಂದು ಎಡೆ ಸಿಗುತ್ತದೆ. ಅಲ್ಲಿಂದ ಮುಂದೆ ತೇಗ, ಮತ್ತಿ, ಬಿದಿರುಮೆಳೆಗಳು ದಾರಿಗೆ ಒತ್ತಿಕೊಂಡು ಬರುತ್ತವೆ. ಹಳಿಯಾಳ, ದಾಂಡೇಲಿ, ಜೋಯಿಡಾ, ದಕ್ಷಿಣಕ್ಕೆ ಮುಂಡಗೋಡ: ಉತ್ತರ ಕನ್ನಡ ಜಿಲ್ಲೆಯ ಈ ಘಟ್ಟದ ಮೇಲಿನ ಸೀಮೆಗೆ ಇಂದು ಪ್ರವಾಸಿಗಳು ಕೈಯಿಂದ ದುಡ್ಡು ಕೊಟ್ಟು ಹೋಗುತ್ತಾರೆ. ಎಂಬತ್ತು ವರ್ಷಗಳ ಹಿಂದೆ ಸಂಬಳ ಕೊಟ್ಟು ಕಳಿಸಿದರೂ ಸರಕಾರಿ ನೌಕರರು ಅಲ್ಲಿಗೆ ಹೋಗಲು ಒಲ್ಲೆನ್ನುತ್ತಿದ್ದರು. ಜೋಯಿಡಾ ತಾಲೂಕಿಗೆ ಆಗ ಸೂಪಾ ಎಂದೇ ಹೆಸರು; ಹಳಿಯಾಳ ತಾಲೂಕಿಗೆ ಸೇರಿದ ಒಂದು ಪೇಟಾ ಅದು. ಸೂಪಾಕ್ಕೆ ವರ್ಗವಾಯಿತೆಂದರೆ ಮನೆಯವರು ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರೆಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಕಾರಣವನ್ನು ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: “ಅಲ್ಲಿಯ ನೀರು ಒಗ್ಗೂದಿಲ್ಲ.”

ಆ ಒಗ್ಗದ ನೀರಿನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಈಗ ವಿಶ್ವವಿದ್ಯಾಲಯಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರದವರೂ ಪರಿಸರಶಾಸ್ತ್ರದವರೂ ಅಂಕಿಸಂಖ್ಯೆಯವರೂ ಒಂದೆಡೆ ಕೂತು ಒಂದೇ ಪ್ರಶ್ನೆಯನ್ನು ಬಿಡಿಸುವ ಪದ್ಧತಿ ಬಂದಿದೆ. ಅದು ಹೊಸ ಕಾಲದ ರೂಢಿಯೆಂದು ನಾವು ಬಗೆಯುತ್ತೇವೆ. ಆದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ೧೯೪೯ರಲ್ಲಿ. ಅದಕ್ಕೂ ಮುಂಚೆಯೇ ಇದೇ ಕಾಡಿನಲ್ಲಿ ವೈದ್ಯ, ಕೀಟಶಾಸ್ತ್ರಜ್ಞ, ಜನನ ಮರಣದ ಲೆಕ್ಕಿಗ ಎಲ್ಲರೂ ಕೂಡಿ ಮಾಡಿದ ಒಂದು ಸಂಶೋಧನೆ ನಡೆದುಹೋಗಿತ್ತು. ಅದು ನಡೆದದ್ದು ಯಾವ ವಿದ್ಯಾಪೀಠದಲ್ಲಿಯೂ ಅಲ್ಲ, ಮುಂಬಯಿ ಸರಕಾರದ ಆರೋಗ್ಯ ಖಾತೆಯ ಒಂದು ಶಾಖೆಯಲ್ಲಿ. ಕನ್ನಡಿಗರಾದ ನಾವು ಅದನ್ನು ಬಹುಮಟ್ಟಿಗೆ ಮರೆತಿದ್ದೇವೆ.

ಮೊದಲು ಜನಗಣತಿಯ ಸಾಕ್ಷಿ ನೋಡೋಣ. ೧೯೦೧ರಲ್ಲಿ ಕೆನರಾ ಜಿಲ್ಲೆಯ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ಇಪ್ಪತ್ತು ವರ್ಷಗಳ ಮೇಲೆ, ೧೯೨೧ರಲ್ಲಿ, ಅದು ಸುಮಾರು ನಾಲ್ಕು ಲಕ್ಷಕ್ಕೆ ಇಳಿಯಿತು. ೧೯೪೧ರ ಹೊತ್ತಿಗೂ ಶತಮಾನದ ಆರಂಭದ ಸಂಖ್ಯೆಯನ್ನು ಅದು ಮುಟ್ಟಿರಲಿಲ್ಲ. ನಲವತ್ತು ವರ್ಷ ಒಂದು ಜಿಲ್ಲೆ ಬೆಳೆಯದೆ ನಿಂತಿತೆಂದರೆ ಎಷ್ಟು ತೊಟ್ಟಿಲುಗಳು ಬರಿದಾಗಿರಬೇಕು! ಪೂರ್ತಿ ಹೊಣೆಯನ್ನು ಚಳಿಜ್ವರದ ಮೇಲೆ ಹೊರಿಸುವುದು ನ್ಯಾಯವಲ್ಲ. ಆ ವರ್ಷಗಳಲ್ಲಿ ಪ್ಲೇಗು ಬಂದಿತು, ೧೯೧೮ರ ಇನ್‌ಫ್ಲುಯೆಂಜಾ ಬಂದಿತು. ಆದರೆ ಪ್ಲೇಗು ಮತ್ತು ಇನ್‌ಫ್ಲುಯೆಂಜಾ ಊರನ್ನು ಕೊಳ್ಳೆಹೊಡೆದು ಹೋಗುವ ದಂಡಿನಂತೆ ಬಂದು ಹೋದವು; ಚಳಿಜ್ವರ ಮನೆಯಲ್ಲಿಯೇ ಉಳಿಯಿತು.

ಇದಕ್ಕೆ ಕಾರಣವೇನೆಂಬ ವಿಚಾರದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಸರಕಾರ ಕಾಡನ್ನು ಕಾಯ್ದಿಟ್ಟು ಕುಮರಿ ಬೇಸಾಯವನ್ನು ನಿಲ್ಲಿಸಿದ ಮೇಲೆ ಅಡವಿ ಮನೆಯ ಹಿತ್ತಲವರೆಗೆ ಬೆಳೆದು ಜ್ವರ ಹೆಚ್ಚಿತು ಎಂದು ರೈತರು ದೂರಿದರು. ಕೊಳೆತ ಎಲೆಯ ಗಾಳಿಯೇ ಜ್ವರಕ್ಕೆ ಮೂಲ ಎಂದು ಹಳೆಯ ಕಾಲದ ದೊರೆಗಳು ನಂಬಿದ್ದರು. ‘ಮಲೇರಿಯಾ’ ಎಂಬ ಇಟಲಿಯ ಶಬ್ದಕ್ಕೆ ಕೆಟ್ಟ ಗಾಳಿ ಎಂದೇ ಅರ್ಥ. ನಮ್ಮ ಜನ ಗಾಳಿಯನ್ನು ಬಿಟ್ಟು ನೀರನ್ನು ಹಿಡಿದರು. ಪಂಡಿತರಿಗಿಂತ ಇವರು ಸತ್ಯಕ್ಕೆ ಒಂದು ಹೆಜ್ಜೆ ಹತ್ತಿರವಿದ್ದರೆಂದೇ ನನಗೆ ತೋರುತ್ತದೆ. ಇವೆಲ್ಲಕ್ಕಿಂತ ಕೆಟ್ಟ ವಿವರಣೆ ಇನ್ನೊಂದಿತ್ತು: ಅಲ್ಲಿಯ ಜನವೇ ಆಲಸಿಗಳು, ದುಡಿಯಲಾರರು, ಜ್ವರ ಅವರಿಗೆ ರೂಢಿಯಾಗಿ ಹೋಗಿದೆ ಎಂಬುದು.

‘ರೂಢಿಯಾಗಿದೆ’ ಎಂಬ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚಳಿಜ್ವರ ಬಿಡದೆ ಕಾಡುವ ಊರಿನಲ್ಲಿ ಹುಟ್ಟಿದ ಕೂಸಿಗೆ ಮೊದಲ ವರ್ಷದಿಂದಲೇ ಜ್ವರ. ಅನೇಕ ಕೂಸುಗಳು ಅದರಲ್ಲಿಯೇ ಹೋಗುತ್ತವೆ. ಉಳಿದವು ಹೊಟ್ಟೆಯ ಎಡಗಡೆ ಗುಲ್ಮ ಬೆಳೆಸಿಕೊಂಡು, ನಮ್ಮ ಕಡೆಯ ಮಾತಿನಲ್ಲಿ ಜ್ವರಗಡ್ಡೆ ಹೊತ್ತುಕೊಂಡು, ಕೈಕಾಲು ಸಣ್ಣಗಾಗಿ ಬೆಳೆಯುತ್ತವೆ. ಹತ್ತಾರು ಸಲ ಜ್ವರ ಬಂದುಹೋದ ಮೇಲೆ ಮೈಗೆ ಒಂದು ಬಗೆಯ ಅರೆಬರೆ ತಡೆಶಕ್ತಿ ಬರುತ್ತದೆ. ಹೊರಗಿನಿಂದ ಬಂದ ಗುಮಾಸ್ತ ಒಂದೇ ಹಂಗಾಮಿನಲ್ಲಿ ಹಾಸಿಗೆ ಹಿಡಿದಾಗ ಪಕ್ಕದ ಕುಣಬಿ, ಸಿದ್ದಿ ಅಥವಾ ಗೌಳಿ ಬಿದಿರು ಕಡಿಯುತ್ತಿರುವುದು ಅವನ ಕಣ್ಣಿಗೆ ಬಿದ್ದರೆ, ಇವರಿಗೆ ಏನೂ ಆಗುವುದಿಲ್ಲವೆಂದು ಆತ ಬರೆದುಬಿಡುತ್ತಾನೆ. ಆ ತಡೆಶಕ್ತಿಯ ಬೆಲೆಯನ್ನು ತೆತ್ತವು ಆ ಮನೆಯ ತೀರಿಹೋದ ಕೂಸುಗಳು. ಅವು ಗುಮಾಸ್ತನ ಕಣ್ಣಿಗೆ ಬೀಳುವುದು ಹೇಗೆ?

ವಿಜ್ಞಾನ ಈ ಗಂಟನ್ನು ಮೆಲ್ಲಮೆಲ್ಲನೆ ಬಿಚ್ಚಿತು. ೧೮೮೦ರಲ್ಲಿ ಅಲ್ಜೀರಿಯದಲ್ಲಿದ್ದ ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಜ್ವರದ ಜೀವಾಣುವನ್ನು ಕಂಡನು. ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಅದೇ ಜೀವಾಣುವನ್ನು ಗುರುತಿಸಿದನು. (ಅದಕ್ಕೆ ಮುಂಚೆ ರಾಸ್ ಕೆಲಕಾಲ ಬೆಂಗಳೂರಿನಲ್ಲಿದ್ದ. ಕಾಲರಾ ತಡೆಯಲು ಊರು ಚೊಕ್ಕಟ ಮಾಡಿಸುವ ಕೆಲಸಕ್ಕೆ ಅವನನ್ನು ಹಾಕಿದ್ದರು!) ಶಾಲೆಯ ಪಠ್ಯದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಸೂಪಾದ ಹಳ್ಳಿಗನಿಗೆ ಇದರಿಂದ ಕೂದಲೆಳೆಯಷ್ಟೂ ಉಪಯೋಗವಾಗಲಿಲ್ಲ. ಸೊಳ್ಳೆ ಎಂದರೆ ಒಂದೇ ಅಲ್ಲ. ಧಾರವಾಡದ ಕಡೆ ಗುಂಗಾಡ, ಘಟ್ಟದ ಕಡೆ ನುಸಿ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಈ ಕುಲದಲ್ಲಿ, ಜ್ವರ ಹರಡಬಲ್ಲ ‘ಅನಾಫಿಲೀಸ್’ ಎಂಬ ಒಂದು ಪಂಗಡದಲ್ಲಿಯೇ ಭಾರತದಲ್ಲಿ ಐವತ್ತಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ದನದ ರಕ್ತ ಕುಡಿದು ತಮ್ಮ ಪಾಡಿಗೆ ತಾವಿರುತ್ತವೆ. ಒಂದು ಸೀಮೆಯಲ್ಲಿ ಕೆಡುಕು ಮಾಡುವುದು ಒಂದು ಇಲ್ಲವೆ ಎರಡು ಜಾತಿ. ಒಂದು ಗದ್ದೆಯಲ್ಲಿ ಹುಟ್ಟಿದರೆ ಇನ್ನೊಂದು ಬಾವಿಯಲ್ಲಿ, ಮತ್ತೊಂದು ಹರಿಯುವ ಹಳ್ಳದಲ್ಲಿ. ಕಳ್ಳ ಯಾರೆಂದು ತಿಳಿಯದೆ ಊರಿಗೆಲ್ಲ ಬೇಲಿ ಹಾಕಿ ಪ್ರಯೋಜನವೇನು?

ಹಳೆಯ ಮೈಸೂರು ಸೀಮೆಯಲ್ಲಿ ಈ ಹುಡುಕಾಟ ಮೊದಲು ಆರಂಭವಾಗಿತ್ತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ೧೯೨೦ರ ದಶಕದ ಕೊನೆಯ ವರ್ಷಗಳಲ್ಲಿ ಮೂಡಿಗೆರೆ, ಹಿರಿಯೂರು, ನಗೇನಹಳ್ಳಿಗಳಲ್ಲಿ ಮಲೇರಿಯಾ ಕೇಂದ್ರಗಳು ಎದ್ದವು. ಅಲ್ಲಿ ದುಡಿದ ಸ್ವೀಟ್ ಮತ್ತು ಬಿ. ಎ. ರಾವ್ ಅವರು ಒಂದು ಸೊಳ್ಳೆಯ ಬಗೆಗೆ ‘ಮೈಸೊರೆನ್ಸಿಸ್’ ಎಂದೇ ಹೆಸರಿಟ್ಟರು. ಮೈಸೂರಿನ ಹೆಸರು ಮಲ್ಲಿಗೆಗೆ, ಗಂಧಕ್ಕೆ, ಪಾಕಕ್ಕೆ ಅಂಟಿಕೊಂಡಿರುವುದನ್ನು ಬಲ್ಲ ವಾಚಕರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಮುಂಬಯಿ ಪ್ರಾಂತದಲ್ಲಿ ಇಂಥ ವ್ಯವಸ್ಥೆ ಬಂದದ್ದು ತಡವಾಗಿ, ೧೯೪೨ರಲ್ಲಿ. ಅದರ ಮುಖ್ಯಸ್ಥರು ಡಾ. ಡಿ. ಕೆ. ವಿಶ್ವನಾಥನ್. ಅವರು ಮೊದಲು ಅಸ್ಸಾಮಿನಲ್ಲಿ ಮಲೇರಿಯಾ ಸೊಳ್ಳೆಗಳನ್ನು ಕುರಿತು ಕೆಲಸ ಮಾಡಿ ಬಂದವರು. ಅವರೊಡನೆ ಕೀಟಶಾಸ್ತ್ರಜ್ಞರಾಗಿ ನಿಂತವರು ಶ್ರೀ ಟಿ. ರಾಮಚಂದ್ರ ರಾವ್. ಪ್ರಾಂತದಲ್ಲೆಲ್ಲ ಜ್ವರದ ಕಾಟಕ್ಕೆ ಹೆಸರಾಗಿದ್ದ ಕೆನರಾ ಮತ್ತು ಅದಕ್ಕೆ ಹೊಂದಿದ ಧಾರವಾಡ ಜಿಲ್ಲೆಗಳು ಸಹಜವಾಗಿಯೇ ಅವರ ಮುಖ್ಯ ಕಾರ್ಯಕ್ಷೇತ್ರಗಳಾದವು.

ಅಂದಿನ ಮಲೇರಿಯಾ ಶೋಧದ ರೀತಿ ಹೀಗೆ. ಬೆಳಗಿನ ಜಾವದಲ್ಲಿ ದೀಪ ಹಿಡಿದು ಮನೆ ಮನೆಗೆ, ಕೊಟ್ಟಿಗೆ ಕೊಟ್ಟಿಗೆಗೆ ಹೋಗಬೇಕು. ಗೋಡೆ, ಮಾಡು, ಹಾಸಿಗೆಯ ಸಂದಿಗಳಲ್ಲಿ ಕೂತ ಸೊಳ್ಳೆಗಳನ್ನು ಗಾಜಿನ ಕೊಳವೆಯಿಂದ ಉಸಿರೆಳೆದು ಹಿಡಿಯಬೇಕು. ಅವನ್ನು ಜಾತಿವಾರು ಬೇರ್ಪಡಿಸಿ ಒಂದೊಂದನ್ನೂ ಸೂಜಿಯ ಮೊನೆಯಿಂದ ಸೀಳಿ, ಎಳ್ಳಿಗಿಂತ ಸಣ್ಣದಾದ ಜೊಲ್ಲಿನ ಗ್ರಂಥಿಯನ್ನು ಹೊರತೆಗೆದು, ಅದರಲ್ಲಿ ಜೀವಾಣುವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೂರು ಸೀಳಿದರೆ ಒಂದರಲ್ಲಿ ಸಿಕ್ಕರೆ ಅದು ಭಾಗ್ಯ. ಹೊಟ್ಟೆಯಲ್ಲಿದ್ದ ರಕ್ತ ಮನುಷ್ಯನದೋ ದನದ್ದೋ ಎಂದು ಬೇರೆ ಪರೀಕ್ಷೆ. ಹಗಲಿನಲ್ಲಿ ಹಳ್ಳ, ಗದ್ದೆಯ ಕಾಲುವೆ, ಜೌಗುಗಳಲ್ಲಿ ಸೌಟಿನಿಂದ ನೀರು ಮೊಗೆದು ಮರಿಹುಳುಗಳನ್ನು ಎಣಿಸಬೇಕು. ಇನ್ನೊಂದು ಕಡೆ ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಒತ್ತಿ ನೋಡಿ, ಎಷ್ಟು ಮಂದಿಗೆ ಜ್ವರಗಡ್ಡೆ ಎಂದು ಬರೆದುಕೊಳ್ಳಬೇಕು. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಡ್ಡೆಯಿದ್ದರೆ ಆ ಊರು ತೀವ್ರ ಮಲೇರಿಯಾದ ಊರು. ಇದರಲ್ಲಿ ವೈಭವದ ಕೆಲಸ ಒಂದೂ ಇಲ್ಲ. ತಿಂಗಳುಗಟ್ಟಲೆ ಅದನ್ನೇ ಮಾಡುವ ತಾಳ್ಮೆ ಬೇಕು, ಅಷ್ಟೆ.

ಕಳ್ಳ ಸಿಕ್ಕಿಬಿದ್ದ. ಘಟ್ಟದ ಮೇಲಿನ ಈ ಸೀಮೆಯಲ್ಲಿ ಜ್ವರ ಹರಡುವ ಮುಖ್ಯ ಸೊಳ್ಳೆ ‘ಅನಾಫಿಲೀಸ್ ಫ್ಲೂವಿಯಾಟಿಲಿಸ್’. ೧೯೦೨ರಲ್ಲಿ ಜೇಮ್ಸ್ ಎಂಬಾತ ಇದಕ್ಕೆ ಇಟ್ಟ ಲ್ಯಾಟಿನ್ ಹೆಸರಿಗೆ ಹೊಳೆಯದು ಎಂದು ಅರ್ಥ. ಕೊಳೆತ ಜೌಗಿನಲ್ಲಿ ಇದು ಮೊಟ್ಟೆಯಿಡುವುದಿಲ್ಲ. ಇದಕ್ಕೆ ಬೇಕಾದದ್ದು ತಿಳಿನೀರು: ಮೆಲ್ಲನೆ ಹರಿಯುವ ಹಳ್ಳ, ಅಂಚಿನಲ್ಲಿ ಹುಲ್ಲು, ಗದ್ದೆಯ ಬದುವಿನಿಂದ ಜಿನುಗುವ ಒರತೆ. ಮಳೆಗಾಲದ ರಭಸಕ್ಕೆ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ಹಿಂತೆಗೆದು ಹಳ್ಳ ತಿಳಿಯಾದೊಡನೆ ಮತ್ತೆ ತುಂಬಿಕೊಳ್ಳುತ್ತವೆ. ಕವಿಗಳು ಹಾಡಿದ ಮಲೆನಾಡಿನ ಸ್ಫಟಿಕದಂಥ ತೊರೆಯೇ ಜ್ವರದ ತೊಟ್ಟಿಲು! ನೀರು ಒಗ್ಗುವುದಿಲ್ಲ ಎಂದ ಹಿರಿಯರ ಮಾತು ಅಕ್ಷರಶಃ ಅಲ್ಲದಿದ್ದರೂ ನಿಜವಾಯಿತು. ಕುಡಿದ ನೀರು ಏನೂ ಮಾಡಲಿಲ್ಲ. ಮಗ್ಗುಲಲ್ಲಿ ಹರಿದ ನೀರು ಮಾಡಿತು.

ಸೊಳ್ಳೆಯ ಗುರುತು ಸಿಕ್ಕಿತೆಂದ ಮಾತ್ರಕ್ಕೆ ಪರಿಹಾರ ಸಿಗಲಿಲ್ಲ. ನಗರದಲ್ಲಾದರೆ ಬಾವಿ ಮುಚ್ಚಬಹುದು, ತೊಟ್ಟಿಗೆ ಎಣ್ಣೆ ಹಾಕಬಹುದು, ಮೀನು ಬಿಡಬಹುದು. ಕಾಳಿ ನದಿಗೆ ಸೇರುವ ಹಳ್ಳಗಳನ್ನು ಎಣಿಸಿದವರು ಯಾರು? ಕ್ವಿನೈನ್ ಒಂದೇ ದಿಕ್ಕು. ಅದೂ ಬರುತ್ತಿದ್ದದ್ದು ಬಹುಮಟ್ಟಿಗೆ ಜಾವಾದಿಂದ. ೧೯೪೨ರಲ್ಲಿ ಜಾವಾ ಜಪಾನೀಯರ ಕೈಸೇರಿದ ಮೇಲೆ ಅದಕ್ಕೂ ಬರ ಬಂತು.

ಆಗ ಡಿ.ಡಿ.ಟಿ. ಬಂತು. ೧೮೭೪ರಲ್ಲಿಯೇ ತಯಾರಾಗಿ ಕಪಾಟಿನಲ್ಲಿ ಕೂತಿದ್ದ ಈ ಪುಡಿಗೆ ಕೀಟ ಕೊಲ್ಲುವ ಗುಣವಿದೆಯೆಂದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ ೧೯೩೯ರಲ್ಲಿ ಕಂಡುಹಿಡಿದಿದ್ದನು. ಯುದ್ಧ ಮುಗಿಯುವ ತನಕ ಅದು ಸೈನ್ಯದ ಸೊತ್ತು. ಯುದ್ಧ ಮುಗಿದೊಡನೆ, ೧೯೪೬ರಲ್ಲಿ, ವಿಶ್ವನಾಥನ್ ಮತ್ತು ರಾವ್ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಅದನ್ನು ಮನೆಯ ಒಳಗೋಡೆಗಳಿಗೆ ಸಿಂಪಡಿಸುವ ಯೋಜನೆಯನ್ನು ಆರಂಭಿಸಿದರು. ಗ್ರಾಮಾಂತರ ಭಾರತದಲ್ಲಿ ಈ ಬಗೆಯ ಮೊದಲ ದೊಡ್ಡ ಯೋಜನೆಗಳಲ್ಲಿ ಇದೊಂದು. ಹಿಂದಿನ ವರ್ಷಗಳ ಸೂಜಿಮೊನೆಯ ಕೆಲಸಕ್ಕೆ ಫಲ ಬಂದದ್ದು ಇಲ್ಲಿಯೇ. ಈ ಸೊಳ್ಳೆ ಹುಟ್ಟುವುದು ಹಳ್ಳದಲ್ಲಾದರೂ ರಾತ್ರಿ ಮನೆಯೊಳಗೆ ಬಂದು ಮನುಷ್ಯನನ್ನು ಕಚ್ಚಿ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ರೋಗಿಯ ರಕ್ತ ಕುಡಿದ ಮೇಲೆ ಜೀವಾಣು ಅದರ ಮೈಯಲ್ಲಿ ಬಲಿತು ಜೊಲ್ಲಿಗೆ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಅದು ಹಲವು ಸಲ ಗೋಡೆಗೆ ಕೂರಲೇಬೇಕು. ಹಳ್ಳಕ್ಕೆ ಕೈ ಹಾಕದೆ, ಕಾಡು ಕಡಿಯದೆ, ಗೋಡೆಯೊಂದನ್ನು ವಿಷವಾಗಿಸಿದರೆ ಸಾಕು. ಜೀವಾಣು ಬಲಿಯುವ ಮೊದಲೇ ಸೊಳ್ಳೆ ಸಾಯುತ್ತದೆ. ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಮುದಿಯಾಗಲು ಬಿಡದಿದ್ದರೆ ಆಯಿತು. ಇದು ದನದ ಕೊಟ್ಟಿಗೆಯ ಸೊಳ್ಳೆಯಾಗಿದ್ದರೆ, ಮರದ ಮೇಲೆ ತಂಗುವುದಾಗಿದ್ದರೆ, ಡಿ.ಡಿ.ಟಿ. ಎಷ್ಟು ಬಳಿದರೂ ದುಡ್ಡು ದಂಡ.

(ವರ್ಷಗಳ ಮೇಲೆ, ೧೯೯೦ರ ದಶಕದಲ್ಲಿ, ವರ್ಣತಂತುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಫ್ಲೂವಿಯಾಟಿಲಿಸ್ ಎಂಬುದು ಒಂದೇ ಜಾತಿಯಲ್ಲ, ಕಣ್ಣಿಗೆ ಒಂದೇ ತೆರ ಕಾಣುವ ಮೂರು ಜಾತಿಗಳ ಗುಂಪು ಎಂದು ತೋರಿಸಿದರು. ಒಂದು ಮನುಷ್ಯನ ರಕ್ತಕ್ಕೆ ಬಿದ್ದದ್ದು. ಉಳಿದೆರಡು ದನಗಳನ್ನು ಬಯಸುವಂಥವು.)

ಸಿಂಪಡಿಸುವವರ ಪಾಡು ಬರೆದರೆ ಬೇರೊಂದು ಲೇಖನವಾದೀತು. ಅಡಿಗೆಮನೆ, ದೇವರಕೋಣೆಗಳೊಳಗೆ ಅನ್ಯರನ್ನು ಬಿಡುವುದು ಹೇಗೆ ಎಂಬ ಸಂಕೋಚ ಒಂದು ಕಡೆ. ಹಬ್ಬ ಬಂದೊಡನೆ ಕೆಮ್ಮಣ್ಣು ಸಗಣಿ ಸಾರಿಸಿ ಔಷಧವನ್ನೆಲ್ಲ ಮುಚ್ಚಿಹಾಕುವ ಪದ್ಧತಿ ಇನ್ನೊಂದು ಕಡೆ. ಡಿ.ಡಿ.ಟಿ. ಹೋದ ಊರುಗಳಲ್ಲೆಲ್ಲ ಜನ ಮೊದಲು ಮೆಚ್ಚಿದ್ದು ತಿಗಣೆ ಸತ್ತವೆಂಬ ಕಾರಣಕ್ಕೆ. ಜ್ವರ ಹೋದದ್ದು ನಿಧಾನವಾಗಿ ತಿಳಿಯುತ್ತದೆ. ತಿಗಣೆ ಹೋದದ್ದು ಅದೇ ರಾತ್ರಿ ತಿಳಿಯುತ್ತದೆ!

ಮೊದಲ ವರ್ಷದ ಫಲಿತಾಂಶಗಳನ್ನು ಇಬ್ಬರೂ ೧೯೪೭ರಲ್ಲಿ ಭಾರತೀಯ ಮಲೇರಿಯಾ ಪತ್ರಿಕೆಯಲ್ಲಿ ಪ್ರಕಟಿಸಿದರು, ಮರುವರ್ಷ ಎರಡನೆಯದನ್ನು. ೧೯೪೯ರಲ್ಲಿ ವಿಶ್ವನಾಥನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಎರಡು ಜಿಲ್ಲೆಗಳ ಜನನ ಮರಣದ ಲೆಕ್ಕಗಳನ್ನು ಮುಂಬಯಿ ಪ್ರಾಂತದ ಉಳಿದ ಭಾಗಗಳೊಡನೆ ಹೋಲಿಸಿ ಪ್ರಬಂಧ ಬರೆದರು. ನನ್ನ ಎಣಿಕೆಯಲ್ಲಿ ಅವರ ಕೆಲಸಗಳಲ್ಲೆಲ್ಲ ಇದು ದೊಡ್ಡದು. ಸೊಳ್ಳೆ ಸತ್ತಿತು, ಗಡ್ಡೆ ಇಳಿಯಿತು ಎಂದು ನಿಲ್ಲದೆ, ಊರಿನಲ್ಲಿ ಹುಟ್ಟಿದವರೆಷ್ಟು, ಉಳಿದವರೆಷ್ಟು ಎಂದು ಕೇಳಿದ ಪ್ರಬಂಧ ಅದು. ಸೂಪಾದ ಜನ ಆಲಸಿಗಳೆಂಬ ಹಳೆಯ ಅಪವಾದಕ್ಕೆ ಉತ್ತರ ಸಿಕ್ಕಿದ್ದು ಇಂಥ ಅಂಕಿಗಳ ಸಾಲುಗಳಲ್ಲಿ.

ಆಮೇಲಿನದು ದೇಶದ ಇತಿಹಾಸ. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ಮುಂಬಯಿ ಪ್ರಾಂತದ ಇಂಥ ಪ್ರಯೋಗಗಳು ಕೊಟ್ಟ ಧೈರ್ಯದ ಮೇಲೆ ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು, ೧೯೫೮ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ೧೯೬೧ರಲ್ಲಿ ದೇಶದ ರೋಗಿಗಳ ಸಂಖ್ಯೆ ಸುಮಾರು ಐವತ್ತು ಸಾವಿರಕ್ಕೆ ಇಳಿಯಿತು. ಗೆದ್ದೆವೆಂದು ಕೈಕಟ್ಟಿ ಕೂತಾಗ ಸೊಳ್ಳೆಗಳು ಡಿ.ಡಿ.ಟಿ.ಗೆ ಮೈಗೊಟ್ಟು ಕಲಿತವು, ೧೯೭೬ರಲ್ಲಿ ಅದೇ ಸಂಖ್ಯೆ ಅರವತ್ತನಾಲ್ಕು ಲಕ್ಷ ದಾಟಿತು. ಡಿ.ಡಿ.ಟಿ.ಯ ಕೀರ್ತಿಯೂ ಉಳಿಯಲಿಲ್ಲ. ಅದು ಮಣ್ಣಿನಲ್ಲಿ, ಹಕ್ಕಿಯ ಮೊಟ್ಟೆಯಲ್ಲಿ, ತಾಯಿಯ ಹಾಲಿನಲ್ಲಿ ಸೇರುವುದೆಂದು ತಿಳಿದು, ಭಾರತ ಸರಕಾರ ೧೯೮೯ರಲ್ಲಿ ಬೇಸಾಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು.

ಇತ್ತ ನಮ್ಮ ಸೀಮೆಯಲ್ಲಿ ಏನಾಯಿತು? ೧೯೫೧ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಮೊದಲ ಸಲ ಐದು ಲಕ್ಷ ದಾಟಿತು. ೧೯೬೧ರಲ್ಲಿ ಏಳು ಲಕ್ಷದ ಹತ್ತಿರ ಬಂತು. ಹೆಚ್ಚಿದವರಲ್ಲಿ ಬದುಕಿ ಉಳಿದ ಕೂಸುಗಳೂ ಇದ್ದವು, ಹೊರಗಿನಿಂದ ಬಂದವರೂ ಇದ್ದರು. ಜ್ವರದ ಭಯ ಹೋದೊಡನೆ ಕಾಡಿನ ಬಾಗಿಲು ತೆರೆಯಿತು. ೧೯೫೫ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರಖಾನೆ ದಾಂಡೇಲಿಯಲ್ಲಿ ನೆಲೆಯೂರಿತು. ೧೯೬೬ರಲ್ಲಿ ಮುಂಡಗೋಡದ ಬಳಿ ಟಿಬೇಟಿನ ನಿರಾಶ್ರಿತರಿಗೆ ಸಾವಿರಾರು ಎಕರೆಯಲ್ಲಿ ನೆಲೆ ಕಲ್ಪಿಸಲಾಯಿತು. ಕಾಳಿ ನದಿಗೆ ಸೂಪಾದಲ್ಲಿ ನೂರು ಮೀಟರಿಗೂ ಎತ್ತರದ ಅಣೆಕಟ್ಟು ಎದ್ದು, ಜನ ಹೆದರುತ್ತಿದ್ದ ಆ ಸೂಪಾ ಊರೇ ನೀರಿನಡಿ ಹೋಯಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದು ತಾಲೂಕಿಗೂ ಆ ಹೆಸರೇ ನಿಂತಿತು. ಶತಮಾನಗಳ ಕಾಲ ಅರಣ್ಯ ಖಾತೆಯ ಯಾವ ಕಾನೂನಿಗಿಂತಲೂ ಬಿಗಿಯಾಗಿ ಈ ಅಡವಿಯನ್ನು ಕಾದದ್ದು ಆ ಬಡ ಸೊಳ್ಳೆಯೇ ಎಂದರೆ ವಾಚಕರು ನಕ್ಕಾರು. ಆ ಕಾವಲಿಗೆ ಕೂಸುಗಳನ್ನು ಬಲಿಕೊಡಬೇಕಾಗಿತ್ತು. ಅದು ಹೋದದ್ದಕ್ಕೆ ಮರುಗುವವನು ನಾನಲ್ಲ. ಆದರೆ ಸೊಳ್ಳೆಯ ಬಗ್ಗೆ ತೋರಿಸಿದ ತಾಳ್ಮೆಯನ್ನು ಬಿದಿರಿನ ಬಗ್ಗೆ ಯಾರೂ ತೋರಿಸಲಿಲ್ಲ. ಕಾಡಿನಲ್ಲಿ ಎಷ್ಟು ಬಿದಿರಿದೆ ಎಂಬ ಅಂದಾಜು ಮಿತಿಮೀರಿತ್ತು. ಅದರ ಮೇಲೆ ಕಡಿತ ನಡೆಯಿತು. ೧೯೭೦ರ ದಶಕದಲ್ಲಿ ಮಾಧವ ಗಾಡಗೀಳ ಮತ್ತು ಎಸ್. ನರೇಂದ್ರ ಪ್ರಸಾದ್ ಮೆಳೆ ಮೆಳೆ ಎಣಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಕಡಿಯಲು ಅನುಕೂಲವೆಂದು ಮೆಳೆಯ ಬುಡದ ಮುಳ್ಳುಹೊದಿಕೆಯನ್ನು ಸವರಿ ತೆಗೆಯುತ್ತಿದ್ದರು. ಆ ಮುಳ್ಳೇ ಎಳೆಯ ಕಳಲೆಯನ್ನು ದನಗಳ ಬಾಯಿಂದ ಕಾಯುತ್ತಿತ್ತು. ಹಳ್ಳಿಯವರಿಗೆ ಇದು ಗೊತ್ತಿದ್ದ ವಿಷಯ. ಅವರನ್ನು ಕೇಳಿದವರಿರಲಿಲ್ಲ.

ಶ್ರೀ ರಾಮಚಂದ್ರ ರಾವ್ ಮುಂದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಭಾರತದ ಅನಾಫಿಲೀಸ್ ಸೊಳ್ಳೆಗಳನ್ನು ಕುರಿತ ಅವರ ದೊಡ್ಡ ಗ್ರಂಥದ ಪರಿಷ್ಕೃತ ಮುದ್ರಣ ೧೯೮೪ರಲ್ಲಿ ಹೊರಬಂದಿತು. ಆ ಪುಣೆಯ ಕೇಂದ್ರಕ್ಕೆ ಹೆಸರು ತಂದ ಕೆಲಸವೂ ನಮ್ಮ ಕಾಡಿನದೇ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು, ಅವುಗಳ ಹಿಂದೆಯೇ ಕಾಡಿಗೆ ಹೋದ ಜನರು ಜ್ವರದಿಂದ ಮಲಗಿದರು. ಅಲ್ಲಿಗೂ ವೈದ್ಯರು, ಕೀಟಶಾಸ್ತ್ರಜ್ಞರು, ಪ್ರಾಣಿಶಾಸ್ತ್ರಜ್ಞರು ಕೂಡಿಯೇ ಹೋದರು. ರಶಿಯದ ಒಂದು ಜ್ವರದ ವೈರಸ್ಸಿಗೆ ಇದು ಹತ್ತಿರದ ನೆಂಟನೆಂದು ಕಂಡುಬಂದಾಗ, ವಲಸೆ ಹಕ್ಕಿಗಳು ತಂದಿರಬಹುದೇ ಎಂದು ನೋಡಲು ಸಲೀಂ ಅಲಿಯವರ ಹಕ್ಕಿ ಹಿಡಿಯುವ ಬಲೆಗಳೂ ಹೊರಟವು. ಹರಡುವುದು ಉಣ್ಣೆ ಎಂದು ಗೊತ್ತಾಯಿತು. ಕಾಡಿನ ನಡುವೆ ಕಡಿದ ತೆರಪು, ಅಲ್ಲಿ ಮೇಯುವ ದನ, ಹಬ್ಬುವ ಲಂಟಾನ, ಇವೆಲ್ಲ ಉಣ್ಣೆಯ ಸಂತತಿಯನ್ನು ಬೆಳೆಸುತ್ತವೆ ಎಂದು ಹೋರ್ಗೆ ಬೋಶೆಲ್ ೧೯೬೯ರಲ್ಲಿ ಬರೆದನು. ಈ ಮಂಗನ ಕಾಯಿಲೆ ಆಮೇಲೆ ಉತ್ತರ ಕನ್ನಡಕ್ಕೂ ಇಳಿಯಿತು; ೨೦೧೫ರಲ್ಲಿ ಗೋವೆಯ ಸತ್ತರಿ ತಾಲೂಕಿನಲ್ಲಿಯೂ ಕಾಣಿಸಿಕೊಂಡಿತು. ಚಳಿಜ್ವರದ ಸೊಳ್ಳೆಯಂತೆ ಉಣ್ಣೆ ಮನೆಯ ಗೋಡೆಗೆ ಬಂದು ಕೂರುವುದಿಲ್ಲ, ತರಗೆಲೆಯ ಅಡಿಯಲ್ಲಿಯೇ ಕಾಯುತ್ತದೆ. ಆದ್ದರಿಂದ ಮಂಗ ಸತ್ತುಬಿದ್ದ ಜಾಗವನ್ನು ಹುಡುಕಿ, ಅದರ ಸುತ್ತ ಐವತ್ತು ಅಡಿಯಷ್ಟು ನೆಲಕ್ಕೆ ಮೆಲಾಥಿಯಾನ್ ಪುಡಿ ಎರಚುವುದನ್ನು ಆರೋಗ್ಯ ಖಾತೆಯವರು ರೂಢಿಗೆ ತಂದರು.